ಪ್ರಶ್ನೆ ಹದಿನಾಲ್ಕು

ಹದಿನಾಲ್ಕರಲ್ಲಿ ಸಿಕ್ಕಿಬಿದ್ದೆ.
ಅದಕ್ಕೆ ಮೊದಲಿನವು ಸಲೀಸು:
ಗದ್ದೆ ಎಷ್ಟು ಸೆಂಟ್ಸು, ಬಾವಿ ಎಷ್ಟು ಕೋಲು,
ಕೊಳಕೆ ಬೆಳೆ ಬಿಟ್ಟು ಎಷ್ಟು ವರ್ಷವಾಯಿತು,
ಮನೆಯಲ್ಲಿ ಉಣ್ಣುವವರು ಎಷ್ಟು ಜನ.
ಆಮೇಲೆ ಇದು:
ಹೊಳೆಗೆ ಉಪ್ಪು ಏರದಂತೆ ತಡೆಯಲು
ನಿಮ್ಮ ಕುಟುಂಬ ವರ್ಷಕ್ಕೆ ಎಷ್ಟು ರೂಪಾಯಿ
ಕೊಡಲು ಸಿದ್ಧವಿದೆ?
ಕೆಳಗೆ ಐದು ಚೌಕ,
ಸೊನ್ನೆಯಿಂದ ಸಾವಿರದವರೆಗೆ.

ಮಟ್ಟುವಿನ ಕಿಂಡಿ ಅಣೆಕಟ್ಟಿಗೆ
ಹಲಗೆ ಇಳಿಸುವ ವಾರ.
ಎರಡು ಸಾಲು ಹಲಗೆ, ನಡುವೆ ಮಣ್ಣು;
ಈಚೆ ಸಿಹಿ, ಆಚೆ ಭರತದ ನೀರು.
ಲೆಕ್ಕವೆಲ್ಲ ಅಂಗರ ಕೋಟ್ಯಾನರ ಬಾಯಲ್ಲಿ:
ನೂರ ಹನ್ನೆರಡು.
ಏಳಕ್ಕೆ ಹುಳ ಹಿಡಿದಿದೆ, ಗೋಣಿ ತುರುಕಿದರೆ ನಡೆಯುತ್ತದೆ.
ಒಂದು ಯಾರದೋ ಹಟ್ಟಿಯ ಬಾಗಿಲಾಗಿದೆ.
"ಯಾರದೆಂದು ಗೊತ್ತುಂಟು. ಹೇಳುವುದಿಲ್ಲ.
ಮೊದಲು ಉಪ್ಪು ನುಗ್ಗುವುದು ಅವನ ಗದ್ದೆಗೇ,
ನಾನ್ಯಾಕೆ ನಿಷ್ಠುರ ಆಗಬೇಕು?"

ರೂಪಾಯಿ ಇಲ್ಲ ಅಂದರು.
ಎರಡು ದಿನ ಮಣ್ಣು ಹೊರುತ್ತೇನೆ, ಬರೆದುಕೋ.
ದಿನಕ್ಕೆ ಚೌಕ ಇರಲಿಲ್ಲ.
ಕೂಲಿಯ ದರಕ್ಕೆ ಗುಣಿಸಬೇಕೆಂದು ಕೈಪಿಡಿಯಲ್ಲಿದೆ.
ಗುಣಿಸಿ ಮೊತ್ತ ಓದಿದೆ.
"ಅಷ್ಟು ಕೊಟ್ಟು ನೋಡು," ನಕ್ಕರು,
"ನಾಳೆ ಒಬ್ಬನೂ ಬರಲಿಕ್ಕಿಲ್ಲ."

ಶಂಕರಪುರದ ದಾರಿಯಲ್ಲಿ
ಬೆನೆಡಿಕ್ಟಾ ಅರಾನ್ಹಾ ಬಾಯಿ
ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು, ತಲೆ ಎತ್ತದೆ.
ಮೊನ್ನೆ ಅಟ್ಟೆಗೆ ಒಂಬೈನೂರು, ಇವತ್ತು ಇನ್ನೂರ ಎಪ್ಪತ್ತು,
ಗಿಡ ಅದೇ, ಬೆರಳೂ ಅವೇ.
"ನಾನು ಹೂ ಕಟ್ಟುವವಳು ಮಗಾ,
ಬೆಲೆ ಕಟ್ಟುವುದು ಬೇರೆಯವರು.
ಹೊಳೆಗೂ ಯಾರಾದರೂ ಬೆಳಿಗ್ಗೆ ಬೆಳಿಗ್ಗೆ
ರೇಟು ಹೇಳುವುದಾದರೆ
ನನಗೂ ಒಂದು ಫೋನು ಮಾಡಿಸು."
ಬುಡದ ಎಲೆಗಳ ಅಂಚು ಸುಟ್ಟ ಕಾಗದ.
ಚಹಾಕ್ಕೆ ಬಾವಿಯಿಂದಲೇ ನೀರು ಸೇದಿದರು,
ಉಪ್ಪಿನ ಮಾತೆತ್ತದೆ
ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿದರು.

ಸೊಂಟದವರೆಗೆ ನೀರಲ್ಲಿ ನಿಂತು
ಕಾಲ ಬೆರಳಲ್ಲಿ ಮರುವಾಯಿ ಹುಡುಕುತ್ತಿದ್ದ
ಲಚ್ಚು ಮರಕಾಲ್ತಿಯನ್ನು ದಡದಿಂದಲೇ ಕೇಳಿದೆ.
ಕೂಗಿ ಕೇಳುವ ಪ್ರಶ್ನೆಯಲ್ಲ ಅದು.
"ಉಪ್ಪು ಬರಬಾರದು ಅಂತ ನಾನು ದುಡ್ಡು ಕೊಡುವುದಾ?
ಉಪ್ಪಿಲ್ಲದಿದ್ದರೆ ಈ ಚಿಪ್ಪಿನೊಳಗೆ ಎಂತ ಉಂಟು? ಕೆಸರು!
ಹಲಗೆ ಬಿದ್ದ ಮೇಲೆ ಮೇಲಿನ ಹೊಳೆಯಲ್ಲಿ
ಒಂದು ಬುಟ್ಟಿ ತುಂಬುವುದಿಲ್ಲ.
ಬರೆ, ಅವರು ನನಗೆ ಕೊಡಲಿ."
ಸೊನ್ನೆಗಿಂತ ಕೆಳಗಿನ ಚೌಕ
ಯಾರೂ ಅಚ್ಚು ಹಾಕಿಸಿರಲಿಲ್ಲ.

ಮಧ್ಯಾಹ್ನ ಅದೇ ಲಚ್ಚು
ಕೋಟ್ಯಾನರ ಅಂಗಳದಲ್ಲಿ ಬುಟ್ಟಿ ಇಳಿಸಿ,
ಮೂರು ಗುಳ್ಳಕ್ಕೆ ಒಂದು ಪಡಿ ಮರುವಾಯಿ
ಅಳೆದು, ಮೇಲೆ ಒಂದು ಹಿಡಿ ಹಾಕಿ,
ಬಯ್ಯುತ್ತಲೇ ಹೋದಳು.
ಆ ಹಿಡಿಯನ್ನು ಎಲ್ಲಿ ಬರೆಯಲಿ?

"ನಿನ್ನದೆಷ್ಟು?" ಕೋಟ್ಯಾನರು ಕೇಳಿದರು.
ನಾನು ಮಂಗಳೂರಿನವಳು, ಬಿಜೈ, ನಾಲ್ಕನೇ ಮಾಳಿಗೆ.
ಏಪ್ರಿಲಿನಲ್ಲಿ ಟ್ಯಾಂಕರು:
ಆರು ಸಾವಿರ ಲೀಟರಿಗೆ ಒಂಬೈನೂರು,
ಆದಿತ್ಯವಾರವಾದರೆ ಸಾವಿರದ ನೂರು,
ಮದುವೆಯ ಸೀಸನ್ನಿನಲ್ಲಿ ಡ್ರೈವರನ ಬಾಯಿಗೆ ಬಂದಷ್ಟು.
ಇಡೀ ಮಟ್ಟುವಿನಲ್ಲಿ ಆ ಪ್ರಶ್ನೆಗೆ
ಥಟ್ಟನೆ ಉತ್ತರ ಇದ್ದದ್ದು ನನ್ನೊಬ್ಬಳಲ್ಲಿ.
ಅದು ಯಾವ ಊರಿನ, ಯಾರ ಗದ್ದೆಯ ಬಾವಿ ಎಂದು
ಒಂದು ದಿನ ಕೇಳಿದವಳಲ್ಲ.
ಹೇಳಲಿಲ್ಲ. ಪೆನ್ನಿನ ಮುಚ್ಚಳ ಹುಡುಕಿದೆ.

ಸಂಜೆ ಭರತ ಏರುತ್ತಿತ್ತು.
ನೂರ ಹನ್ನೊಂದು ಇಳಿದವು.
ಉಳಿದ ಒಂದರ ಜಾಗದಲ್ಲಿ ನೀರು
ಗೇಣಗಲ, ಅವಸರವಿಲ್ಲದೆ,
ಮನೆಯವನಂತೆ ಒಳಗೆ ಬಂತು.
ಹಟ್ಟಿಯ ಕಡೆ ಯಾರೂ ನೋಡಲಿಲ್ಲ,
ನೋಡದಿರುವುದಕ್ಕೆ ಎಲ್ಲರೂ ಬಹಳ ಕಷ್ಟಪಟ್ಟರು.

ಕೋಟ್ಯಾನರು ತೊಡೆಮಟ್ಟ ನೀರಲ್ಲಿ ನಿಂತು
ನನ್ನ ಎದೆಗೆ ಅವಚಿದ್ದ, ಫಾರಮು ಸಿಕ್ಕಿಸಿದ
ಹಲಗೆಯನ್ನು ನೋಡಿದರು.

"ಅದು ಎಷ್ಟು ದಪ್ಪ ಉಂಟು, ಮಾರಾಯ್ತಿ?"