ಸೊನ್ನೆಯ ಜಾಗ

ಕ್ಲಾಕ್ಸ್‌ವೀಕ್ ಬಂದರಿನ ಮೇಲಿನ ಓಣಿ. ಮೂರು ಗಂಟೆಗೇ ಕತ್ತಲು.
ಹಡಗಿನ ಎಂಜಿನ್ ಕೋಣೆಯಲ್ಲಿ ನಾನು ಕಿವಿ ಬಿಟ್ಟುಬಂದೆ,
ಅಕ್ಕ ಹೋದ ವರ್ಷ ಕಣ್ಣು.
ಇಬ್ಬರನ್ನೂ ಸೇರಿಸಿದರೆ ಒಬ್ಬ ಪೂರ್ತಿ ಮುದುಕ,
ಇದು ಅವಳದೇ ತಮಾಷೆ.

ಅವಳ ನಲವತ್ತು ಕೇಳುಪುಸ್ತಕಗಳು ಹಳೇ ನಮೂನೆಯವು;
ಹೊಸ ಪೆಟ್ಟಿಗೆ ಅವನ್ನು ಮೂಸಿಯೂ ನೋಡದು.
ರೂನಿ ಒಂದು ಸ್ಕ್ರಿಪ್ಟು ಕಳಿಸಿದ. ರಾತ್ರಿಯಿಡೀ ಓಡಿತು.
ಬೆಳಿಗ್ಗೆ ಪರದೆಯ ಮೇಲೆ ಫೋಲ್ಡರುಗಳು,
ಕೊಯ್ದು ಜೋಡಿಸಿದ ಮೀನಿನ ಹಾಗೆ, ಅಚ್ಚುಕಟ್ಟು.
ನನಗೆ ಕಂಡದ್ದು ಅಷ್ಟೆ.

ಅವಳು ಗುಂಡಿ ಒತ್ತಿದಳು. ಪೆಟ್ಟಿಗೆ ಏನೆಂದಿತೋ,
ನನ್ನ ಕಿವಿಯ ಹತ್ತಿರ ಬಂದು ಕೂಗಿ ಹೇಳಿದಳು:
ಬರೆದವರ ಮನೆತನ, ಗೆರೆ, ಬರೆದವರ ಹೆಸರು, ಗೆರೆ,
ಪ್ರಕಾಶಕರು, ವರ್ಷ, ಪೂರ್ಣಪಾಠ, ಅಡಿಗೆರೆ, ಅರವತ್ತನಾಲ್ಕು.
ಚಹಾ ಆರಿತು. ಕತೆ ಇನ್ನೂ ಹೊಸಿಲಾಚೆ
ಬೂಟು ಬಿಚ್ಚುತ್ತ ಕೂತಿದೆ.

ಮೂವತ್ತೊಂದು ವರ್ಷ ಮೀನು ಕಾರ್ಖಾನೆಯಲ್ಲಿ
ಡಬ್ಬಕ್ಕೆ ಚೀಟಿ ಬರೆದ ಕೈ ಅದು.
"ಏನು, ಎಂದಿನದು, ಎಷ್ಟನೆಯದು. ಮಿಕ್ಕದ್ದು ಕಸ" ಎಂದಳು.
ನಾನು ಸಾಲು ಹುಡುಕಿ ಕಸ ತೆಗೆದೆ. ಪುಸ್ತಕದ ಹೆಸರು ಮೊದಲಿಟ್ಟೆ.
ಬರೆದವರು ಹಿಂದಿನ ಬೆಂಚಿಗೆ ಹೋದರು, ತಕರಾರಿಲ್ಲದೆ.

ಎಲ್ಲದರ ಮೇಲಿನ ಫೋಲ್ಡರಿಗೆ ಅವಳದೇ ಹೆಸರು.
ಆ ಹೆಸರಿನ ನಡುವೆ ನಮ್ಮವರು ಬರೆಯುವ, ಯಾರೂ ಉಚ್ಚರಿಸದ
ಒಂದು ಅಕ್ಷರ ಉಂಟು. ಸ್ಕ್ರಿಪ್ಟು ಅದನ್ನು ಅಳಿಸಿ ಅಡಿಗೆರೆ ಎಳೆದಿತ್ತು.
"ಹೈ ಅಡಿಗೆರೆ ರುನ್" ಎಂದು ಕರೆಯಿತಂತೆ ಪೆಟ್ಟಿಗೆ.
ಎಪ್ಪತ್ತಾರು ವರ್ಷ ಯಾರ ಬಾಯಲ್ಲೂ ಬಾರದ ಅಕ್ಷರ
ಹೋದ ಮೇಲೆ ಸದ್ದು ಮಾಡಿತು.
ಅದನ್ನು ಸರಿಪಡಿಸಲು ಎರಡು ದಿನ ಹಿಡಿಯಿತು. ಮಾಡಿದೆ.

ಆಮೇಲಿನದು ನನಗೆ ಗೊತ್ತೇ ಆಗಲಿಲ್ಲ.
ಒಂದಾದ ಮೇಲೆ ಹತ್ತು, ಹನ್ನೊಂದು, ಹನ್ನೆರಡು...
ಹತ್ತೊಂಬತ್ತು ಮುಗಿದು ಎರಡು.
ಯಂತ್ರ ಎಣಿಸುವುದಿಲ್ಲ, ಮೊದಲ ಅಂಕಿಯ ಮೋರೆ ನೋಡಿ
ಸಾಲಿಗೆ ನಿಲ್ಲಿಸುತ್ತದೆ.
ಹನ್ನೊಂದರಲ್ಲಿ ಮುಳುಗಿದ ದೋಣಿಗಾರ
ಎರಡರಲ್ಲಿ ಎದ್ದುಬಂದು ಒಲೆ ಹಚ್ಚಿ
ಕಾಫಿಗಿಟ್ಟಿದ್ದಾನೆ, ಹೆಂಡತಿಯನ್ನು ಬೈಯುತ್ತ.

ಅಕ್ಕ ತುಟಿಪಿಟಕ್ಕೆನ್ನದೆ ಮೂರು ಸಂಜೆ ಕೇಳಿದಳು.
"ಬರೆದವನು ಜಾಣ" ಎಂದಳು.

ನಾನು ತಪ್ಪೊಪ್ಪಿಕೊಂಡೆ. ಒಂದರ ಹಿಂದೆ ಒಂದು ಸೊನ್ನೆ ಬೇಕಿತ್ತು,
ಎರಡರ ಹಿಂದೆಯೂ. ಬೆಲೆಯಿಲ್ಲದ್ದು,
ಆದರೆ ಅದು ನಿಂತರೆ ಮಿಕ್ಕವರು ತಮ್ಮ ತಮ್ಮ ಜಾಗದಲ್ಲಿ ನಿಲ್ಲುತ್ತಾರೆ.
ಸತ್ತವರು ಸತ್ತ ಮೇಲೆ ಬರುವುದಿಲ್ಲ.

ಅವಳು ಬಹಳ ಹೊತ್ತು ಸುಮ್ಮನಿದ್ದಳು.
ಭಾವನ ಕಾಫಿ ಲೋಟ ಗೋಡೆಯ ಮೊಳೆಗೆ
ಎಂದಿನಂತೆ ತೂಗುತ್ತಿತ್ತು; ಅವಳು ಅದರತ್ತ ತಿರುಗಲೂ ಇಲ್ಲ.

ಮೂವತ್ತೊಂಬತ್ತು ಪುಸ್ತಕಕ್ಕೆ ಸೊನ್ನೆ ಹಾಕಿದೆ.
ಇನ್ನೊಂದನ್ನು ಮುಟ್ಟಬೇಡ ಎಂದಳು,
ಕೂಗಿ ಅಲ್ಲ. ತುಟಿ ನೋಡಿ ತಿಳಿದುಕೊಂಡೆ.