ಹನ್ನೆರಡಾಣೆಯ ಐಬು

ಚೌಬಾರದ ಬಗಲಿಗೆ ಗಡಿಯಾರ ರಿಪೇರಿ ಅಂಗಡಿ.
ಖಮರುದ್ದೀನ್ ಸಾಹೇಬರ ಕಣ್ಣಿಗೆ ಸಿಕ್ಕಿಸಿದ ಕರಿ ಬಟ್ಟಲು
ಸಂಜೆ ಆರಾದ ಮೇಲೆ ಗಡಿಯಾರ ನೋಡುವುದಿಲ್ಲ.
ಗಲ್ಲಾದ ಅಡಿಯಿಂದ ಬಿಸ್ಕೀಟಿನ ಡಬ್ಬಿ ತೆಗೆದು
ಚಿಮಟದ ತುದಿಯಿಂದ ಹೊರಗೆ ಕರೆಯುತ್ತಾರೆ
ನಿಜಾಮರ ಕಾಲದ ಕೆಂಪು ಚೀಟಿ, ಹನ್ನೆರಡಾಣೆ.
ಅದರ ಮೇಲೆ ನಮ್ಮದೇ ಬೀದರಿನ ಮದರಸಾ,
ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು.

ನಾನು ಅಂಚೆ ಕಚೇರಿಯ ಪಾರ್ಸಲ್ ಕಿಟಕಿಯವಳು.
ದಿನಕ್ಕೆ ನೂರಾರು ಚೀಟಿಗಳ ಮುಖಕ್ಕೆ
ಕರಿ ಮುದ್ರೆ ಗುದ್ದಿ ಬರುವ ಈ ಕೈ
ಇಲ್ಲಿ ಮಡಿಲಲ್ಲಿ ಸುಮ್ಮನೆ ಕೂರುತ್ತದೆ.

“ಬೆರಳು ಹಚ್ಚಬ್ಯಾಡ ಜಗದೇವಿ, ಬೆವರಿಗೆ ದಯಾ ಇಲ್ಲ.
ಮೊದಲ ಇದು ಕಸ ಅದನೋ, ಐಬು ಅದನೋ, ಅದು ನೋಡು.
ಅಚ್ಚು ಹಾಕುವಾಗ ಹತ್ತಿ ಎಳಿ ಬಿದ್ದಿರತದ,
ನೊಣದ ಕಾಲು, ಪ್ರೆಸ್ಸಿನವನ ಕೂದಲು.
ಅದು ಆ ಒಂದು ಚೀಟಿ ನಸೀಬು, ಅಲ್ಲಿಗೆ ಖಲಾಸ್.
ತಗಡಿಗೇ ಗಾಯ ಆಗಿದ್ದರ ಬ್ಯಾರೆ ಮಾತು.
ಹಾಳಿ ಹಾಳಿಗೂ ಅದೇ ಸಾಲು, ಅದೇ ಮೂಲಿ,
ಅದೇ ಗಾಯ ಮತ್ತ ಹುಟ್ಟತದ.
ಒಂದು ಸಿಕ್ಕರ ಬರೀ ಸುದ್ದಿ.
ಎರಡು ಸಿಕ್ಕರ ಸಾಕ್ಷಿ.”

ಹೋದ ತಿಂಗಳು ಸೋಲಾಪುರದಿಂದ ಒಬ್ಬ ದಾತಾರ್ ಬಂದ.
ಮಖಮಲ್ಲಿನ ಪೆಟ್ಟಿಗೆ, ಮೂಗಿಗೆ ಕರ್ಚೀಫು.
“ಅಪರೂಪದ ಮಾಲು ಸಾಹೇಬ್, ಇದೇ ಹನ್ನೆರಡಾಣೆ.
ನೋಡಿ, ಒಂದು ಮಿನಾರು ಇದೆ, ಜೋಡಿಯದು ಇಲ್ಲ!
ಕೆತ್ತುವವನು ಮರೆತಿದ್ದಾನೆ. ನಲವತ್ತು ಸಾವಿರ.
ನೀವಾದ್ದರಿಂದ ಮೂವತ್ತೈದು.”

ಸಾಹೇಬರು ನಗಲಿಲ್ಲ. ಚಹಾ ತರಿಸಿದರು.
ಆಮೇಲೆ ತೋಳು ಹಿಡಿದು ರಸ್ತೆಗೆ ಇಳಿಸಿ,
“ಹಿಂಗೇ ಕ್ವಾಟಿ ಕಡಿ ನಡೀರಿ, ಬಲಕ್ಕ ಎಡಕ್ಕ ನೋಡಕೋತ.
ಆ ಮಿನಾರು ಮದ್ದಿನಾಗ ಹಾರಿ
ಮುನ್ನೂರು ವರ್ಷ ಆಗ್ಯಾದ.
ಕೆತ್ತಿದವಂದು ಏನೂ ತಪ್ಪಿಲ್ಲ, ಕಂಡಷ್ಟು ಕೆತ್ಯಾನ.”

ಅವನು ಅತ್ತ ಹೋದ. ಇತ್ತ ಬಟ್ಟಲು ಕಣ್ಣಿಗೇರಿತು.
ಅವನ ಚೀಟಿ, ನಮ್ಮ ಚೀಟಿ, ಪಕ್ಕಪಕ್ಕ.
ಮೂರನೆಯ ಕಮಾನಿನ ಕೆಳಗೆ, ಬರಿಯ ಬಯಲಲ್ಲಿ,
ಸಾಸಿವೆ ಒಡೆದು ಅರ್ಧ ಮಾಡಿದಷ್ಟು
ಒಂದು ಕೆಂಪು ಚುಕ್ಕಿ.
ಇದರಲ್ಲೂ. ಅದರಲ್ಲೂ.
ಸಾಹೇಬರ ಉಸಿರಿಗೆ ಚೀಟಿಗಳೆರಡೂ ಅಲುಗಿದವು.

ದಾತಾರ್ ಬೂಟಿಗೆಲ್ಲ ಕೆಂಪು ಧೂಳು ಹಚ್ಚಿಕೊಂಡು ಬಂದು
ಮುನ್ನೂರಕ್ಕೇ ಕೊಟ್ಟ. ಚಹಾದ ರೊಕ್ಕ ಕೊಡಲು ಹಟ ಹಿಡಿದ.
ಸಾಹೇಬರು ಬೇಡವೆನ್ನಲಿಲ್ಲ.

ಮರುದಿನ ಅಂಗಡಿಗೆ ಬೀಗ. ಅದರ ಮರುದಿನವೂ.
ಗಿರಾಕಿಗಳು ನಿಂತ ಗಡಿಯಾರ ಕಟ್ಟಿಕೊಂಡೇ ತಿರುಗಿದರು.
ನಾಲ್ಕನೆಯ ದಿನ ನನ್ನ ಕಿಟಕಿಯಲ್ಲಿ ಅವರ ಟೊಪ್ಪಿಗೆ:
ಸೋಲಾಪುರಕ್ಕೆ ಒಂದು ರಿಜಿಸ್ಟರ್ಡ್ ಲಕೋಟೆ,
ಒಳಗೆ ಗಟ್ಟಿ ರಟ್ಟು. ಒಂದು ಚೀಟಿಯೋ, ಎರಡೂನೋ?
ಒಳಗೇನೆಂದು ಕೇಳುವುದು ನನ್ನ ಕೆಲಸವಲ್ಲ.
ತೂಗಿದೆ. ಮುದ್ರೆಯನ್ನು ಅಂದು ಮಾತ್ರ
ಗುದ್ದಲಿಲ್ಲ, ಇಟ್ಟೆ.

ಭಾನುವಾರ ಮದರಸಾಕ್ಕೆ ಹೋದೆ.
ಕಮಾನು ಎಣಿಸಿ ಮೂರನೆಯದರ ಎದುರು ನಿಂತೆ.
ಚೀಟಿಯಲ್ಲಿ ಚುಕ್ಕಿ ಇರುವ ಜಾಗದಲ್ಲಿ ಏನೂ ಇರಲಿಲ್ಲ:
ಗಚ್ಚು, ಪಾರಿವಾಳದ ಹಿಕ್ಕೆ,
ಎಂದೋ ಉದುರಿದ ನೀಲಿ ಬಿಲ್ಲೆಯ ಹಲ್ಲಿನಂಥ ಗುರುತು.
ಹುಡುಗರು ಹಸಿ ಕೆಂಪು ಮಣ್ಣಲ್ಲಿ ಟೆನಿಸ್ ಚೆಂಡಿನ ಆಟ ಹೂಡಿದ್ದರು.
ಒಬ್ಬ ಕಣ್ಣು ಮುಚ್ಚಿ ಎತ್ತಿ ಹೊಡೆದ.
ಚೆಂಡು ಹಾರಿ ಬಂದು ಕಮಾನಿನ ಕೆಳಗೆ
ದುಂಡಗೆ, ಕೆಂಪಗೆ, ತನ್ನನ್ನು ಒತ್ತಿ ಬಿತ್ತು.

ಕಾವಲಿನವ ಬಡಿಗೆ ಬೀಸುತ್ತ ಓಡಿಬಂದ.
ಕಸವೋ, ಐಬೋ, ಹೇಳಲಾರೆ.
ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕೂತೆ,
ಎರಡನೆಯ ಚೆಂಡಿಗೆ.