ಕಣ್ಣಿಗೆ ಬೀಳುವುದು

ಬಾಲಾ ಊರಿನ ಪೇಟೆಬೀದಿಯ ತುದಿಗೆ
ಮೀನು ಹುರಿಯುವ ಅಂಗಡಿಗೆ ಬೆನ್ನು ಹಚ್ಚಿ
ನನ್ನದೊಂದು ಹೊಲಿಗೆಯ ಕೋಣೆ.
ಅಪ್ಪ ಕುದುರೆಯ ಜೀನು ಹೊಲಿಯುತ್ತಿದ್ದ,
ನಾನು ಬೈಕಿನವರ ಚರ್ಮ ಹೊಲಿಯುತ್ತೇನೆ.
ದನದ್ದು, ಕಾಂಗರೂವಿನದು. ಅವರದಲ್ಲ.
ಅವರದನ್ನು ಹೊಲಿಯುವವರು
ರೆಕ್ಸಮ್ಮಿನ ಆಸ್ಪತ್ರೆಯಲ್ಲಿದ್ದಾರೆ.

ಮಾರ್ಚಿನಲ್ಲಿ ಹೈಲ್ವೆನ್ ಬಂದಳು.
ನಮ್ಮ ವೆಲ್ಷ್ ಮಾತಿನಲ್ಲಿ ಬಿಸಿಲು ಅಂತ ಅರ್ಥ.
ಹೆಸರು ಬಿಸಿಲು, ತೊಟ್ಟಿದ್ದು ಇದ್ದಿಲು:
ಕಪ್ಪು ಹೆಲ್ಮೆಟ್ಟು, ಕಪ್ಪು ಜಾಕೆಟ್ಟು, ಕಪ್ಪು ಬೂಟು,
ಜಿಪ್ಪಿನ ಹಲ್ಲಿಗೂ ಕಪ್ಪು ಬಳಿದಿದ್ದಳು.
ಮೊಣಕೈ ಹರಿದಿತ್ತು.
"ಹೊಲಿಗೆ ಕಾಣಬಾರದು" ಅಂದಳು.

ಗೋಡೆಗೆ ತೂಗಿದ್ದ ಹಳದಿಯನ್ನು ತೋರಿಸಿದೆ.
ಕಣ್ಣಿಗೆ ರಾಚುವ ಹಳದಿ, ಪಕ್ಕದ ಸುಣ್ಣಕ್ಕೂ
ಅದರ ಜ್ವರ ತಗುಲಿದಂತಿರುತ್ತದೆ.
"ಇದರಲ್ಲಿ ಮೈಲಿ ದೂರಕ್ಕೂ ಕಾಣ್ತೀಯ."
ನಕ್ಕಳು, ಹಲ್ಲು ಮಾತ್ರ ಬೆಳ್ಳಗೆ.
"ಯೊರ್ವೆರ್ತ್, ವಾರಕ್ಕೆ ಐದು ದಿನ
ಈ ಬಣ್ಣದೊಳಗೇ ನಿಂತು ರಸ್ತೆಗೆ ಡಾಂಬರು ಸುರೀತೀನಿ.
ಕಾರಿನವರು ನಿಧಾನಿಸ್ತಾರೆ, ಸುತ್ತಿಕೊಂಡು ಹೋಗ್ತಾರೆ,
ಪ್ಲಾಸ್ಟಿಕ್ ಕೋನಿಗೂ ಅಷ್ಟೇ ಮರ್ಯಾದೆ.
ನನ್ನ ಚಿಕ್ಕಮ್ಮನೇ ಒಮ್ಮೆ ಹಾಗೆ ಹೋದಳು.
ಅಂಗಿ ಕಂಡಿತ್ತು. ನಾನು ಕಂಡಿರಲಿಲ್ಲ.
ಭಾನುವಾರ ಒಂದು ದಿನ ನಾನು ಚಂದ ಕಾಣ್ತೀನಿ, ಬಿಡು."

ಬಿಟ್ಟೆ.
ಬಾಯಿ ಮಾತ್ರ ಸುಮ್ಮನಿರದೆ
"ಕಣ್ಣಿಗೆ ಬೀಳದವರು ರಸ್ತೆಗೆ ಬೀಳ್ತಾರೆ" ಅಂದಿತು,
ಅಪ್ಪನ ಗಾದೆಯೇನೋ ಎಂಬಂತೆ.
ಅಪ್ಪ ಅಂಥದ್ದೇನೂ ಹೇಳಿದವನಲ್ಲ.

ಮೇ ತಿಂಗಳಲ್ಲಿ, ಪೊಲೀಸರ ಚೀಲದಲ್ಲಿ
ಎಮ್ಲಿನ್‌ನ ಜಾಕೆಟ್ಟು ಬಂತು.
ನಾನೇ ಮಾರಿದ್ದು. ಹಳದಿ.
ಎದೆಯಿಂದ ಕಂಕುಳವರೆಗೆ ಆಸ್ಪತ್ರೆಯ ಕತ್ತರಿ ಓಡಿತ್ತು.
(ಎಮ್ಲಿನ್ ಇದ್ದಾನೆ. ಭುಜದಲ್ಲಿ ಉಕ್ಕಿನ ತಗಡು,
ಬಾಯಲ್ಲಿ ಮೊದಲಿನದೇ ಬೈಗುಳ.)
ತಿರುವಿನಲ್ಲಿ ಅಡ್ಡ ಬಂದ ಕಾರಿನ ಮುದುಕ
ಕಂಡಕಂಡವರಿಗೆಲ್ಲ ಹೇಳುತ್ತಿದ್ದನಂತೆ:
ನೋಡಿದೆ, ಎರಡು ಸಲ ನೋಡಿದೆ, ಏನೂ ಇರಲಿಲ್ಲ.
ಸುಳ್ಳ ಎಂದುಕೊಂಡು
ನಾನೇ ಹೋಗಿ ಆ ತಿರುವಿನಲ್ಲಿ ನಿಂತೆ.
ಬೇಲಿಯುದ್ದಕ್ಕೂ ಗಾರ್ಸ್ ಮುಳ್ಳುಪೊದೆ ಹೂಬಿಟ್ಟಿತ್ತು,
ಗುಡ್ಡಕ್ಕೆ ಗುಡ್ಡವೇ ಅರಿಸಿನ ಮೆತ್ತಿಕೊಂಡು ಕೂತಿತ್ತು.
ಹಳದಿಯೊಳಗೆ ಹಳದಿ.
ಎಮ್ಲಿನ್ ಹೂವಾಗಿ ಬಂದಿದ್ದ.

ಗೋಡೆಯ ಜಾಕೆಟ್ಟನ್ನು ಕೆಳಗಿಳಿಸಲಿಲ್ಲ,
ಮತ್ತೆ ಹೊಗಳಲೂ ಇಲ್ಲ.

ಹೈಲ್ವೆನ್‌ಳ ಬೂಟು ರಿಪೇರಿಗೆ ಬಂದಾಗ
ಕೇಳದೆ ಒಂದು ಕೆಲಸ ಮಾಡಿದೆ.
ಹಿಮ್ಮಡಿಯ ಮೇಲಿನ ಹೊಲಿಗೆಗೆ
ದೀಪ ಬಿದ್ದರೆ ಮಾತ್ರ ಹೊಳೆಯುವ ದಾರ.
ಹಗಲಲ್ಲಿ ಅದು ಬರೀ ಬೂದಿ.
ತಿರುವಿ ಮುರುವಿ ನೋಡಿ "ದಾರ ತಪ್ಪಿದೆ" ಅಂದಳು.
"ಕಪ್ಪು ಮುಗಿದಿತ್ತು" ಅಂದೆ.
ಎರಡು ಪೌಂಡು ಕಡಿಮೆ ಕೊಟ್ಟಳು.

ನವೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು.
ಫೆಸ್ಟಿನ್ಯೋಗಿನಿಂದ ವ್ಯಾನಿನಲ್ಲಿ ಬರುತ್ತಿದ್ದೆ,
ಗುಡ್ಡದ ಮೇಲೆ ಮಂಜು, ಕುರಿಗಳ ಕಣ್ಣು ಅಲ್ಲಲ್ಲಿ ಹಸಿರು.
ದೀಪದ ತುದಿಯಲ್ಲಿ, ನೆಲದಿಂದ ಗೇಣು ಮೇಲೆ
ಎರಡು ಬಿಳಿ ಗೆರೆ.
ಒಂದು ಮುಂದೆ, ಒಂದು ಹಿಂದೆ,
ಮತ್ತೆ ಹಿಂದಿನದು ಮುಂದೆ.
ಮೈಯಿಲ್ಲ, ತಲೆಯಿಲ್ಲ, ಬೈಕಿಲ್ಲ.
ನಡಿಗೆ ಮಾತ್ರ ನಡೆಯುತ್ತಿತ್ತು.
ಕಾಲು ತಾನೇ ಬ್ರೇಕಿಗೆ ಹೋಯಿತು,
ಬುದ್ಧಿ ಆಮೇಲೆ ಬಂತು.

ಬ್ಯಾಟರಿ ಸತ್ತ ಬೈಕನ್ನು ತಳ್ಳಿಕೊಂಡು
ಕತ್ತಲಿಗಿಂತ ಒಂದು ಬಟ್ಟೆ ಹೆಚ್ಚು ಕಪ್ಪಾಗಿ
ಅವಳು ತಿರುಗಿದಳು,
"ಕಣ್ಣು ಕಾಣ" ಎಂದು ಬಯ್ಯಲು ಹೊರಟು
ನನ್ನ ವ್ಯಾನು ಗುರುತಾಗಿ ಅರ್ಧಕ್ಕೇ ನಿಲ್ಲಿಸಿದಳು.

ಇಬ್ಬರೂ ಸೇರಿ ಬೈಕು ಹತ್ತಿಸಿದೆವು.
ಎಡಗಾಲಿನ ಹೊಲಿಗೆ ಸಡಿಲಾಗಿತ್ತು,
ಹೇಳಲಿಲ್ಲ.
ದಾರಿಯುದ್ದಕ್ಕೂ ದಾರದ ಮಾತು
ಅವಳೂ ತೆಗೆಯಲಿಲ್ಲ.
ಡಾಂಬರಿನ ರೇಟು, ಚಿಕ್ಕಮ್ಮನ ಮಂಡಿನೋವು
ಇಷ್ಟೇ ಮಾತಾಡಿದ್ದು.
ಇಳಿಯುವಾಗ ಡ್ಯಾಶ್‌ಬೋರ್ಡಿನ ಮೇಲೆ
ಎರಡು ಪೌಂಡು ಇಟ್ಟು ಹೋದಳು.